ಗಣಿತ ವಿಭಾಗದಲ್ಲಿ ಸಂಶೋಧನಾ ಸೆಮಿನಾರ್ ಕೊಡುವುದು ಹೇಗೆ: ಮೂರನೇ ಬೆಂಚಿಗೂ ಮುಟ್ಟುವ ಐವತ್ತು ನಿಮಿಷ

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಸೆಮಿನಾರ್ ಹಾಲಿನ ಮೂರನೇ ಬೆಂಚಿನಲ್ಲಿ ಕೂತು ನೋಡಿ. ತುಮಕೂರಿನಲ್ಲಿ ನಾನು ಬಹಳ ವರ್ಷ ಕೂತದ್ದು ಅಲ್ಲೇ. ಮುಂದಿನ ಸಾಲಿನಲ್ಲಿ ಮೇಷ್ಟ್ರುಗಳು, ಅವರ ಹಿಂದೆ ಪಿಎಚ್.ಡಿ. ಮಾಡುತ್ತಿರುವವರು, ಅವರ ಹಿಂದೆ ಎಂ.ಎಸ್ಸಿ. ಮಕ್ಕಳು. ಶುರುವಿನಲ್ಲಿ ಎಲ್ಲರ ಪೆನ್ನೂ ಓಡುತ್ತಿರುತ್ತದೆ. ಆರನೇ ನಿಮಿಷಕ್ಕೋ ಎಂಟನೇ ನಿಮಿಷಕ್ಕೋ ಮೂರನೇ ಸಾಲಿನ ಪೆನ್ನುಗಳು ಒಂದೊಂದಾಗಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ಆ ಮಕ್ಕಳು ಮರ್ಯಾದೆಗಾಗಿ ಕೂತಿರುತ್ತಾರೆ. ಮುಗಿದ ಮೇಲೆ ಚಪ್ಪಾಳೆ ತಟ್ಟಿ, ಟೀ ಕುಡಿದು, ಪಾವಗಡದ ಬಸ್ಸಿಗೋ ಮಧುಗಿರಿಯ ಬಸ್ಸಿಗೋ ಓಡುತ್ತಾರೆ. ಅವರ ನೋಟ್‌ಬುಕ್ಕಿನಲ್ಲಿ ಉಳಿದಿರುವುದು ಒಂದು ಶೀರ್ಷಿಕೆ, ಎರಡು ವ್ಯಾಖ್ಯೆ.

ಆ ಪೆನ್ನು ಕೊನೆಯವರೆಗೂ ಓಡುವಂತೆ ಮಾತಾಡುವುದನ್ನು ಕಲಿಯಬಹುದು. ಹುಟ್ಟು ಮಾತುಗಾರರಾಗಿರಬೇಕಿಲ್ಲ, ಇಂಗ್ಲಿಷ್ ಸರಾಗವಾಗಿ ಬರಬೇಕೆಂದೂ ಇಲ್ಲ. ಒಳ್ಳೆಯ ಉದಾಹರಣೆಯೊಂದನ್ನು ಹುಡುಕುವ ತಾಳ್ಮೆ, ಅದಕ್ಕೆ ಅಡ್ಡ ಬರುವುದನ್ನೆಲ್ಲ ಬಿಟ್ಟುಬಿಡುವ ಧೈರ್ಯ, ಇವೆರಡು ಸಾಕು. ಮೊದಲ ಬಾರಿ ಸೆಮಿನಾರ್ ಕೊಡಲು ಹೊರಟಿರುವ ಸಂಶೋಧನಾ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಂತಹಂತವಾಗಿ ಬರೆಯುತ್ತೇನೆ.

ಹಂತ 1: ಇದು ಯಾವ ಬಗೆಯ ಸೆಮಿನಾರ್ ಎಂದು ಕೇಳಿ ತಿಳಿಯಿರಿ

'ಸೆಮಿನಾರ್ ಇದೆ, ರೆಡಿ ಮಾಡ್ಕೋ' ಎಂದು ಗೈಡ್ ಹೇಳಿದಾಗ ಅದು ಮೂರರಲ್ಲಿ ಒಂದಾಗಿರಬಹುದು. ಮೊದಲನೆಯದು ಪ್ರಗತಿ ಮಂಡನೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಪ್ರತಿ ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು, ಏನಾಗಿದೆ, ಮುಂದೆ ಏನು ಮಾಡುತ್ತೀರಿ ಎಂದು ಹೇಳಬೇಕು. ಅಲ್ಲಿ ಕೇಳುವವರು ನಾಲ್ಕೈದು ಜನ, ಅವರಿಗೆ ನಿಮ್ಮ ವಿಷಯ ಗೊತ್ತು. ಎರಡನೆಯದು ಪ್ರಬಂಧ ಸಲ್ಲಿಸುವ ಮುಂಚಿನ ಮಂಡನೆ. ಅಲ್ಲಿ ಸಮಿತಿಯ ಜೊತೆಗೆ ವಿಭಾಗದ ಅಧ್ಯಾಪಕರು, ಇತರ ಸಂಶೋಧಕರು, ವಿದ್ಯಾರ್ಥಿಗಳು ಎಲ್ಲರೂ ಕೂರಬಹುದು. ಮೂರನೆಯದು ವಿಭಾಗದ ವಾರದ ಅಥವಾ ತಿಂಗಳ ಸೆಮಿನಾರ್. ಡಿಸೆಂಬರ್ 22, ರಾಮಾನುಜನ್ ಹುಟ್ಟಿದ ದಿನ, 2012ರಿಂದ ರಾಷ್ಟ್ರೀಯ ಗಣಿತ ದಿನ. ಆ ದಿನದ ಉಪನ್ಯಾಸವೂ ಇದೇ ಗುಂಪಿಗೆ ಸೇರುತ್ತದೆ.

ಈ ಬರಹ ಮುಖ್ಯವಾಗಿ ಮೂರನೆಯದರ ಬಗ್ಗೆ. ಪ್ರಗತಿ ಮಂಡನೆಗೆ ಮಾಡಿದ ಸ್ಲೈಡುಗಳನ್ನೇ ತಂದು ವಿಭಾಗದ ಸೆಮಿನಾರಿನಲ್ಲಿ ಓದುವುದು ನಾನು ಕಂಡಿರುವ ಅತಿ ದೊಡ್ಡ ತಪ್ಪು. ಸಮಿತಿಗೆ ಬೇಕಾದದ್ದು ಲೆಕ್ಕಪತ್ರ. ಸಭೆಗೆ ಬೇಕಾದದ್ದು ಗಣಿತ.

ಹಂತ 2: ಎದುರಿಗೆ ಕೂರುವವರ ಪಟ್ಟಿ ಮಾಡಿ

ಕಾಗದದ ಮೇಲೆ ನಿಜವಾಗಿಯೂ ಬರೆಯಿರಿ. ನಮ್ಮ ಕಡೆ ಸಾಮಾನ್ಯವಾಗಿ ಹೀಗಿರುತ್ತದೆ: ವಿಭಾಗದ ಅಧ್ಯಾಪಕರು, ಅವರಲ್ಲಿ ಒಬ್ಬರು ಗ್ರಾಫ್ ಥಿಯರಿ, ಒಬ್ಬರು ಫ್ಲೂಯಿಡ್ ಮೆಕ್ಯಾನಿಕ್ಸ್, ಒಬ್ಬರು ಡಿಫರೆನ್ಷಿಯಲ್ ಜ್ಯಾಮಿತಿ. ಊರಿನ ಎಂಜಿನಿಯರಿಂಗ್ ಕಾಲೇಜುಗಳಿಂದ, ಡಿಗ್ರಿ ಕಾಲೇಜುಗಳಿಂದ ಪಾಠ ಮುಗಿಸಿ ಬಂದ ಒಂದಿಬ್ಬರು. ಸಂಶೋಧನಾ ವಿದ್ಯಾರ್ಥಿಗಳು ಏಳೆಂಟು. ಉಳಿದ ಮೂವತ್ತು ನಲವತ್ತು ಜನ ಎಂ.ಎಸ್ಸಿ.ಯವರು. ಅವರಲ್ಲಿ ಎಷ್ಟೋ ಮಂದಿ ಶಿರಾ, ಕೊರಟಗೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದು ಹಾಸ್ಟೆಲ್ಲಿನಲ್ಲಿರುವವರು. ಮನೆಯಲ್ಲಿ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ ಮೊದಲಿಗರು, ಹತ್ತನೇ ತರಗತಿಯವರೆಗೆ ಗಣಿತವನ್ನು ಕನ್ನಡದಲ್ಲೇ ಕಲಿತವರು.

ಅಂದರೆ ನಿಮ್ಮ ವಿಷಯವನ್ನು ಆಳವಾಗಿ ಬಲ್ಲವರು ಆ ಕೋಣೆಯಲ್ಲಿ ಇಬ್ಬರೋ ಮೂವರೋ. ಆ ಇಬ್ಬರಲ್ಲಿ ಒಬ್ಬರು ನಿಮ್ಮ ಗೈಡ್, ಅವರಿಗೆ ಎಲ್ಲವೂ ಗೊತ್ತೇ ಇದೆ. ಆದರೂ ನಾವು ಐವತ್ತು ನಿಮಿಷವೂ ಆ ಇಬ್ಬರ ಕಡೆಗೇ ನೋಡಿ ಮಾತಾಡುತ್ತೇವೆ. ಯಾಕೆಂದರೆ ಭಯ ಅವರ ಮೇಲೆ.

ನನ್ನ ಮೊದಲ ಸೆಮಿನಾರಿನಲ್ಲಿ ನಾನು ಮಾಡಿದ್ದೂ ಅದನ್ನೇ. ನಾಲ್ಕು ಪತ್ರಿಕಾ ಲೇಖನಗಳ ಪ್ರಮೇಯಗಳನ್ನು ಸಾಲಾಗಿ ಜೋಡಿಸಿ, ಒಂದನ್ನೂ ಬಿಡದೆ ಹೇಳಿದೆ. ಮುಗಿದ ಮೇಲೆ ಎಂ.ಎಸ್ಸಿ. ಮೊದಲ ವರ್ಷದ ಹುಡುಗಿಯೊಬ್ಬಳು ಬಂದು, 'ಸರ್, ಪಾರ್ಟಿಷನ್ ಅಂದ್ರೆ ಏನು ಅಂತ ಒಂದ್ಸಲ ಹೇಳಿ' ಎಂದಳು. ನಾನು ಅದನ್ನು ಎರಡನೇ ಸ್ಲೈಡಿನಲ್ಲಿ ಹತ್ತು ಸೆಕೆಂಡಿನಲ್ಲಿ ಓದಿ ಮುಂದೆ ಹೋಗಿದ್ದೆ. ಆಕೆಗೆ ಬೋರ್ಡಿನ ಮೇಲೆ ಬರೆದು ತೋರಿಸಲು ನಾಲ್ಕು ನಿಮಿಷ ಸಾಕಾಯಿತು. ಆ ನಾಲ್ಕು ನಿಮಿಷ ಸೆಮಿನಾರಿನ ಒಳಗೆ ಇರಬೇಕಿತ್ತು. ಈಗಲೂ ಪ್ರತಿ ಬಾರಿ ತಯಾರಿ ಮಾಡುವಾಗ ನನ್ನೆದುರು ಕೂರುವವಳು ಆಕೆಯೇ.

ಹಂತ 3: ಒಂದೇ ವಾಕ್ಯ ಬರೆಯಿರಿ

ಸಭೆಯಿಂದ ಎದ್ದು ಹೋಗುವ ವಿದ್ಯಾರ್ಥಿ ಬಸ್ಸಿನಲ್ಲಿ ಪಕ್ಕದವರಿಗೆ ಏನು ಹೇಳಬೇಕು? ಅದನ್ನು ಒಂದು ವಾಕ್ಯದಲ್ಲಿ, ಕನ್ನಡದಲ್ಲಿ, ಸೂತ್ರವಿಲ್ಲದೆ ಬರೆಯಿರಿ. ಬರೆಯಲಾಗದಿದ್ದರೆ ವಿಷಯ ಇನ್ನೂ ಸಿದ್ಧವಾಗಿಲ್ಲ ಎಂದರ್ಥ.

ನಾನು ಇಲ್ಲಿಂದ ಮುಂದೆ ಒಂದೇ ಉದಾಹರಣೆಯನ್ನು ಹಿಡಿದು ಹೋಗುತ್ತೇನೆ: ರಾಮಾನುಜನ್ನರ ಪಾರ್ಟಿಷನ್ ಕಾಂಗ್ರುಯೆನ್ಸ್‌ಗಳು. ಅಂದರೆ, ಒಂದು ಸಂಖ್ಯೆಯನ್ನು ಕೂಡಿಕೆಯಾಗಿ ಒಡೆಯುವ ಬಗೆಗಳ ಎಣಿಕೆ ಯಾವಾಗ ಐದು, ಏಳು, ಹನ್ನೊಂದರಿಂದ ಭಾಗವಾಗುತ್ತದೆ ಎಂದು ಹೇಳುವ ನಿಯಮಗಳು. ನಮ್ಮ ರಾಜ್ಯದ ಗಣಿತ ವಿಭಾಗಗಳಿಗೆ ಇದು ಮನೆಯ ವಿಷಯ. ರಾಮಾನುಜನ್ನರ ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯದ ಮೇಲೆ 1985ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಹೊರತಂದ ಗ್ರಂಥಕ್ಕೆ ಮೈಸೂರಿನ ಚಂದ್ರಶೇಖರ ಅಡಿಗ ಮತ್ತು ಎಸ್. ಭಾರ್ಗವ ಸಹಲೇಖಕರು. ಅಂದಿನಿಂದ ಈ ದಾರಿಯಲ್ಲಿ ಪಿಎಚ್.ಡಿ. ಮಾಡಿದವರು ನಮ್ಮಲ್ಲಿ ಬಹಳ. ಹಾಗಾಗಿ ನಿಮ್ಮ ಸೆಮಿನಾರ್ ಇದರ ಆಸುಪಾಸಿನದೇ ಆಗಿರುವ ಸಂಭವವೂ ಹೆಚ್ಚು.

ನನ್ನ ವಾಕ್ಯ ಹೀಗಿತ್ತು: 'ಒಂದು ಪಟ್ಟಿಯ ಸಂಖ್ಯೆಗಳೆಲ್ಲ ಐದರಿಂದ ಭಾಗವಾಗುತ್ತವೆ ಎಂದು ರಾಮಾನುಜನ್ ತೋರಿಸಿದರು, ಆ ಐದು ಪಾಲುಗಳನ್ನು ಕಣ್ಣಾರೆ ಕಾಣುವ ಉಪಾಯವನ್ನು ಡೈಸನ್ ಊಹಿಸಿದ.' ಇದರಾಚೆ ನನ್ನ ಸಂಶೋಧನೆಯಲ್ಲಿ ಏನೇನಿತ್ತೋ ಅದೆಲ್ಲ ಈ ವಾಕ್ಯಕ್ಕೆ ಸಹಾಯ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಂತ 4: ಉದಾಹರಣೆ. ಅರ್ಧ ತಯಾರಿ ಇದಕ್ಕೇ ಮೀಸಲಿಡಿ

ಇಲ್ಲಿ ನಿಧಾನಿಸಬೇಕು. ಶುದ್ಧ ಗಣಿತದ ಸೆಮಿನಾರ್ ಉಳಿಯುವುದೂ ಅಳಿಯುವುದೂ ಮೊದಲ ಹದಿನೈದು ನಿಮಿಷದ ಉದಾಹರಣೆಯ ಮೇಲೆ. ವ್ಯಾಖ್ಯೆ ಮೊದಲು, ಉದಾಹರಣೆ ಆಮೇಲೆ ಎಂಬ ಪಠ್ಯಪುಸ್ತಕದ ಕ್ರಮವನ್ನು ತಲೆಕೆಳಗು ಮಾಡಿ.

ನಾನು ಹೀಗೆ ಶುರು ಮಾಡುತ್ತೇನೆ. ತಿಪಟೂರಿನ ಕಡೆಯವರು ಯಾರಿದ್ದೀರಿ ಎಂದು ಕೇಳುತ್ತೇನೆ, ಒಂದೆರಡು ಕೈ ಏಳುತ್ತವೆ. ನಾಲ್ಕು ತೆಂಗಿನಕಾಯಿಗಳಿವೆ. ಅವನ್ನು ಗುಡ್ಡೆ ಹಾಕಬೇಕು. ಯಾವ ಗುಡ್ಡೆ ಮೊದಲು, ಯಾವುದು ಆಮೇಲೆ ಎಂಬುದು ಲೆಕ್ಕಕ್ಕಿಲ್ಲ. ಎಷ್ಟು ಬಗೆಯಲ್ಲಿ ಹಾಕಬಹುದು? ಮಕ್ಕಳೇ ಹೇಳುತ್ತಾರೆ, ನಾನು ಬೋರ್ಡಿನ ಮೇಲೆ ಬರೆಯುತ್ತೇನೆ:

4
3+1
2+2
2+1+1
1+1+1+1

ಐದು ಬಗೆ. ಇದೇ ಪಾರ್ಟಿಷನ್, ಇದೇ ಪಿ(4)=5. ವ್ಯಾಖ್ಯೆಯನ್ನು ಈಗ ಬರೆಯಿರಿ. ಈಗ ಅದು ಕೈಯಲ್ಲಿ ಹಿಡಿದ ವಸ್ತುವಿಗೆ ಹೆಸರು ಕೊಟ್ಟಂತೆ ಇರುತ್ತದೆ.

ಆಮೇಲೆ ಪಟ್ಟಿ ಬೆಳೆಸಿ: ಪಿ(5)=7, ಪಿ(6)=11, ಪಿ(7)=15, ಪಿ(8)=22, ಪಿ(9)=30. ಮುಂದಿನದನ್ನು ಬರೆದುಕೊಂಡು ಬಂದಿರಬೇಕು: ಪಿ(14)=135, ಪಿ(19)=490, ಪಿ(24)=1575. 4, 9, 14, 19, 24ರ ಉತ್ತರಗಳ ಕೆಳಗೆ ಗೆರೆ ಎಳೆಯಿರಿ: 5, 30, 135, 490, 1575. ಇಲ್ಲಿ ಬಾಯಿ ಮುಚ್ಚಿಕೊಂಡು ಅರ್ಧ ನಿಮಿಷ ನಿಲ್ಲಿ. ನಿಲ್ಲುವುದು ಕಷ್ಟ, ಆದರೂ ನಿಲ್ಲಿ. ಯಾರೋ ಒಬ್ಬರು 'ಎಲ್ಲಾ ಐದರಿಂದ ಹೋಗುತ್ತೆ ಸರ್' ಎನ್ನುತ್ತಾರೆ. ಪ್ರಮೇಯವನ್ನು ಸಭೆಯೇ ಕಂಡುಕೊಂಡಿತು. ಗಣಿತಜ್ಞ ಮೇಜರ್ ಮ್ಯಾಕ್‌ಮಹೋನ್ ಕೈಯಲ್ಲಿ ಲೆಕ್ಕ ಮಾಡಿ 200ರವರೆಗಿನ ಪಟ್ಟಿ ತಯಾರಿಸಿದ್ದರು. ರಾಮಾನುಜನ್ನರ ಕಣ್ಣಿಗೆ ಬಿದ್ದದ್ದೂ ಇಂಥದೇ ಪಟ್ಟಿಯಲ್ಲಿ ಎಂದು ಆಗ ಹೇಳಿ. ಐದು, ಏಳು, ಹನ್ನೊಂದರ ಮೂರು ಕಾಂಗ್ರುಯೆನ್ಸ್‌ಗಳ ಅವರ ಲೇಖನ ಬಂದದ್ದು 1919ರಲ್ಲಿ. ಈ ಇತಿಹಾಸವನ್ನು ಮೊದಲೇ ಹೇಳಿದ್ದರೆ ಅದು ಪರಿಚಯ ಭಾಷಣದಂತೆ ಕೇಳಿ ಮರೆತುಹೋಗುತ್ತಿತ್ತು. ಪಟ್ಟಿ ಕಣ್ಣಮುಂದೆ ಇರುವಾಗ ಹೇಳಿದರೆ ನಿಲ್ಲುತ್ತದೆ.

ಈಗ ಎರಡನೇ ಭಾಗ. ಮೂವತ್ತು ವಸ್ತುಗಳು ಐದರಿಂದ ಭಾಗವಾಗುತ್ತವೆ ಎಂದರೆ ಅವನ್ನು ಐದು ಸಮ ಪಾಲು ಮಾಡಲು ಸಹಜವಾದ ದಾರಿಯೊಂದು ಇರಬೇಕಲ್ಲವೇ? 1944ರಲ್ಲಿ ಫ್ರೀಮನ್ ಡೈಸನ್ ಕೇಂಬ್ರಿಜ್ಜಿನ ವಿದ್ಯಾರ್ಥಿಗಳ ಗಣಿತ ಪತ್ರಿಕೆಯೊಂದರಲ್ಲಿ ಹೇಳಿದ ಉಪಾಯ ಇದು: ಅತಿ ದೊಡ್ಡ ಗುಡ್ಡೆಯ ಕಾಯಿಗಳಿಂದ ಗುಡ್ಡೆಗಳ ಸಂಖ್ಯೆಯನ್ನು ಕಳೆಯಿರಿ. ಅದಕ್ಕೆ ರ‍್ಯಾಂಕ್ ಎಂದು ಹೆಸರು. ನಾಲ್ಕರ ಐದು ಪಾರ್ಟಿಷನ್‌ಗಳ ಪಕ್ಕ ಬರೆಯುತ್ತಾ ಹೋಗಿ:

4 : 4−1 = 3
3+1 : 3−2 = 1
2+2 : 2−2 = 0
2+1+1 : 2−3 = −1
1+1+1+1 : 1−4 = −3

ಐದರಿಂದ ಭಾಗಿಸಿ ಶೇಷ ನೋಡಿ (ಋಣ ಸಂಖ್ಯೆಗೆ ಐದು ಕೂಡಿಸಿ): 3, 1, 0, 4, 2. ಐದೂ ಶೇಷಗಳು ಒಂದೊಂದು ಸಲ! ನಾನು ಎಷ್ಟು ಸಲ ಬರೆದಿದ್ದರೂ ಈ ಸಾಲು ಮುಗಿಸುವಾಗ ನನಗೆ ಈಗಲೂ ಖುಷಿಯಾಗುತ್ತದೆ. ಆ ಖುಷಿಯನ್ನು ಮುಚ್ಚಿಡಬೇಡಿ.

ಇನ್ನೂ ಒಂದು ಹೆಜ್ಜೆ ಇದೆ, ಅದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಉಪಾಯ ಎಲ್ಲಿ ಮುರಿಯುತ್ತದೆ ಎಂದು ತೋರಿಸಿ. ಏಳಕ್ಕೂ ರ‍್ಯಾಂಕ್ ಕೆಲಸ ಮಾಡುತ್ತದೆ. 5ರ ಏಳು ಪಾರ್ಟಿಷನ್‌ಗಳನ್ನು ಸಭೆಯಲ್ಲೇ ಮಾಡಿಸಬಹುದು, ಏಳು ಬೇರೆ ಬೇರೆ ಶೇಷಗಳು ಬರುತ್ತವೆ. ಹನ್ನೊಂದಕ್ಕೆ ಬನ್ನಿ. ಪಿ(6)=11. ಅದರಲ್ಲಿ 4+1+1ರ ರ‍್ಯಾಂಕ್ 1, 3+3ರ ರ‍್ಯಾಂಕೂ 1. ಅಲ್ಲಿಗೆ ಮುಗಿಯಿತು, ಹನ್ನೊಂದು ಪಾಲು ಸಮವಾಗುವುದಿಲ್ಲ. ಡೈಸನ್‌ಗೆ ಇದು ಗೊತ್ತಿತ್ತು. ಹನ್ನೊಂದಕ್ಕೆ ಇನ್ನೊಂದು ಅಳತೆ ಇರಲೇಬೇಕು ಎಂದು, ಅದು ಏನೆಂದು ತಿಳಿಯುವ ಮೊದಲೇ ಅದಕ್ಕೆ 'ಕ್ರ್ಯಾಂಕ್' ಎಂದು ಹೆಸರಿಟ್ಟ. ಐದು ಮತ್ತು ಏಳರ ಊಹೆಗಳನ್ನು ಆಟ್ಕಿನ್ ಮತ್ತು ಸ್ವಿನ್ನರ್ಟನ್-ಡೈಯರ್ 1954ರಲ್ಲಿ ಸಾಧಿಸಿದರು. ಕ್ರ್ಯಾಂಕನ್ನು ಆಂಡ್ರ್ಯೂಸ್ ಮತ್ತು ಗಾರ್ವನ್ ಕಂಡುಕೊಂಡದ್ದು 1988ರಲ್ಲಿ. ಹೆಸರಿಟ್ಟು ನಲವತ್ತನಾಲ್ಕು ವರ್ಷ ಕಾದ ಮೇಲೆ ವಸ್ತು ಸಿಕ್ಕಿತು. ಸಂಶೋಧನೆ ಎಂದರೇನು ಎಂದು ಎಂ.ಎಸ್ಸಿ. ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ.

ನಿಮ್ಮ ವಿಷಯ ಬೇರೆಯಾಗಿದ್ದರೂ ಸೂತ್ರ ಇದೇ: ಕೈಯಲ್ಲಿ ಮಾಡಿ ಮುಗಿಸಬಹುದಾದ ಅತಿ ಚಿಕ್ಕ ಉದಾಹರಣೆ, ಸಭೆಯೇ ಗುರುತಿಸಬಹುದಾದ ಒಂದು ವಿನ್ಯಾಸ, ಅದು ಮುರಿಯುವ ಒಂದು ಜಾಗ. ಗ್ರಾಫ್ ಥಿಯರಿಯವರಿಗೆ ಐದಾರು ಬಿಂದುಗಳ ಗ್ರಾಫ್ ಸಾಕು. ಗ್ರೂಪ್ ಥಿಯರಿಯವರು ಸಾಮಾನ್ಯ ಗ್ರೂಪ್ ಬಿಟ್ಟು ಮೂರು ವಸ್ತುಗಳ ಅದಲುಬದಲಿನಿಂದ ಶುರು ಮಾಡಲಿ. ಟೋಪಾಲಜಿಯವರಿಗೆ ಕಾಗದದ ಪಟ್ಟಿಯನ್ನು ಒಂದು ಸಲ ತಿರುಚಿ ಅಂಟಿಸಿ ತಂದರೆ ಸ್ಲೈಡೇ ಬೇಡ.

ಹಂತ 5: ಒಂದು ಸಾಧನೆ (ಪ್ರೂಫ್) ತೋರಿಸಿ, ಅದರಲ್ಲೂ ಒಂದೇ ಹೆಜ್ಜೆ

ಸಾಧನೆ ಇಲ್ಲದ ಗಣಿತ ಸೆಮಿನಾರ್ ಪ್ರವಾಸದ ಫೋಟೋ ತೋರಿಸಿದಂತೆ ಆಗುತ್ತದೆ. ಪೂರ್ತಿ ಸಾಧನೆ ಬರೆಯಲು ಹೊರಟರೆ ಸಮಯ ನುಂಗುತ್ತದೆ. ಇಡೀ ಸಾಧನೆಯಲ್ಲಿ ಬಾಗಿಲು ತೆರೆಯುವ ಹೆಜ್ಜೆ ಒಂದಿರುತ್ತದೆ. ಅದನ್ನು ಹುಡುಕಿ ತೆಗೆಯಿರಿ.

ಐದರ ಕಾಂಗ್ರುಯೆನ್ಸ್‌ಗೆ ರಾಮಾನುಜನ್ ಕೊಟ್ಟ ಸಾಧನೆಯಲ್ಲಿ ಯೂಲರನ ಒಂದು ಸರಣಿ, ಯಾಕೋಬಿಯ ಒಂದು ಸರಣಿ, ಎರಡನ್ನೂ ಗುಣಿಸುವುದು, ಜನರೇಟಿಂಗ್ ಫಂಕ್ಷನ್ (ಪಿ(ಎನ್)ಗಳನ್ನು ಸಹಗುಣಕಗಳಾಗಿ ಹೊತ್ತ ಸರಣಿ), ಎಲ್ಲ ಇವೆ. ಆ ಎರಡು ಸರಣಿಗಳನ್ನು 'ಇವು ಗೊತ್ತಿರುವ ಫಲಿತಾಂಶಗಳು, ಇವತ್ತು ನಂಬೋಣ' ಎಂದು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಕೊನೆಗೆ ಇಡೀ ಪ್ರಶ್ನೆ ಇಷ್ಟಕ್ಕೆ ಬಂದು ನಿಲ್ಲುತ್ತದೆ: ಒಂದು ವರ್ಗಸಂಖ್ಯೆಯ ಎರಡರಷ್ಟನ್ನೂ ಇನ್ನೊಂದು ವರ್ಗಸಂಖ್ಯೆಯನ್ನೂ ಕೂಡಿಸಿದರೆ ಮೊತ್ತ ಯಾವಾಗ ಐದರಿಂದ ಭಾಗವಾಗುತ್ತದೆ? ವರ್ಗಸಂಖ್ಯೆಯನ್ನು ಐದರಿಂದ ಭಾಗಿಸಿದರೆ ಶೇಷ 0, 1 ಅಥವಾ 4. ಎರಡರಷ್ಟು ಮಾಡಿದರೆ 0, 2 ಅಥವಾ 3. ಒಂದೊಂದನ್ನೂ ಕೂಡಿಸಿ ನೋಡಿ, ಸೊನ್ನೆಗೆ ಸೊನ್ನೆ ಸೇರಿದಾಗ ಮಾತ್ರ ಐದರಿಂದ ಭಾಗವಾಗುತ್ತದೆ. ಹಾಗಾದರೆ ಎರಡೂ ವರ್ಗಗಳು ಐದರ ಗುಣಕಗಳೇ ಆಗಿರಬೇಕು. ಆ ಎರಡನೆಯ ವರ್ಗದ ವರ್ಗಮೂಲವೇ, ಗುಣಿಸಿ ಬಂದ ಸರಣಿಯ ಆ ಪದದ ಸಹಗುಣಕದಲ್ಲಿ ಕೂತಿದೆ, ಆದ್ದರಿಂದ ಸಹಗುಣಕವೂ ಐದರಿಂದ ಭಾಗವಾಗುತ್ತದೆ.

ಒಂಬತ್ತು ಕೂಡುವ ಲೆಕ್ಕ, ಅಷ್ಟೆ. ಹತ್ತನೇ ತರಗತಿಯ ಹುಡುಗನೂ ಮಾಡಬಲ್ಲ. ಇದನ್ನು ಬೋರ್ಡಿನ ಮೇಲೆ ನಿಧಾನವಾಗಿ ಮಾಡಿದಾಗ ಮುಂದಿನ ಸಾಲಿನವರಿಗೂ ಬೇಸರವಾಗುವುದಿಲ್ಲ. ಒಳ್ಳೆಯ ಹೆಜ್ಜೆಯನ್ನು ಮತ್ತೆ ನೋಡುವುದು ಅವರಿಗೂ ಇಷ್ಟವೇ.

ಆಮೇಲೆ ನಿಮ್ಮ ಸ್ವಂತ ಫಲಿತಾಂಶ. ಮೂವತ್ತೈದನೇ ನಿಮಿಷದ ಹೊತ್ತಿಗೆ ಬಂದರೆ ಸಾಕು, ಎಂಟು ಹತ್ತು ನಿಮಿಷ ಕೊಡಿ. ಒಂದು ಪ್ರಮೇಯವನ್ನು ಸ್ಪಷ್ಟವಾಗಿ ಬರೆಯಿರಿ, ಅದು ಹಿಂದಿನ ಯಾರ ಫಲಿತಾಂಶವನ್ನು ಮುಂದಕ್ಕೆ ಒಯ್ಯುತ್ತದೆ ಎಂದು ಹೆಸರು, ವರ್ಷ ಸಮೇತ ಹೇಳಿ. ಗೈಡ್ ಜೊತೆ ಅಥವಾ ಸಹಪಾಠಿಯ ಜೊತೆ ಮಾಡಿದ ಕೆಲಸವಾದರೆ ಅವರ ಹೆಸರು ಬೋರ್ಡಿನ ಮೇಲೆ ಇರಲಿ. ನಿಮ್ಮ ಲೇಖನದಲ್ಲಿ ಏಳು ಪ್ರಮೇಯಗಳಿದ್ದರೆ ಆರನ್ನು ಬಿಡಿ. ಬಿಟ್ಟದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ಹಂತ 6: ಬೋರ್ಡೋ ಪ್ರೊಜೆಕ್ಟರೋ

ನನ್ನ ಅಭಿಪ್ರಾಯ ನೇರವಾಗಿ: ಸಾಧನೆ ಮತ್ತು ಉದಾಹರಣೆಗೆ ಬೋರ್ಡ್, ದೊಡ್ಡ ಪಟ್ಟಿ ಮತ್ತು ಚಿತ್ರಕ್ಕೆ ಮಾತ್ರ ಪ್ರೊಜೆಕ್ಟರ್. ಸೀಮೆಸುಣ್ಣದಲ್ಲಿ ಬರೆಯುವ ವೇಗ ಕೇಳುವವರ ಕೈಬರಹದ ವೇಗಕ್ಕೆ ಸರಿಹೋಗುತ್ತದೆ. ಸ್ಲೈಡ್ ಒತ್ತುವ ವೇಗಕ್ಕೆ ಯಾರ ಪೆನ್ನೂ ಓಡುವುದಿಲ್ಲ. ಜೊತೆಗೆ, ಕರೆಂಟ್ ಹೋದರೂ ಬೋರ್ಡ್ ಇರುತ್ತದೆ.

ಬೋರ್ಡನ್ನು ಗೆರೆ ಎಳೆದು ಮೂರು ಭಾಗ ಮಾಡಿಕೊಳ್ಳಿ. ಎಡಭಾಗದಲ್ಲಿ ವ್ಯಾಖ್ಯೆ ಮತ್ತು ಮುಖ್ಯ ಪ್ರಮೇಯ, ಕೊನೆಯವರೆಗೂ ಅಳಿಸಕೂಡದು. ನಡುವಿನದು ಉದಾಹರಣೆಗೆ. ಬಲಭಾಗ ಅಳಿಸಿ ಬರೆಯಲು. ಅಕ್ಷರ ನಾಲ್ಕು ಬೆರಳಿನಷ್ಟು ಎತ್ತರ ಇರಲಿ. ಹಿಂದಿನ ದಿನ ಖಾಲಿ ಹಾಲಿನಲ್ಲಿ ಒಂದು ಸಾಲು ಬರೆದು ಕೊನೆಯ ಬೆಂಚಿಗೆ ಹೋಗಿ ಓದಿ ನೋಡಿ. ಬೋರ್ಡಿನ ಕೆಳಗಿನ ಕಾಲು ಭಾಗ ಮುಂದೆ ಕೂತವರ ತಲೆಗಳಿಗೆ ಮರೆಯಾಗುತ್ತದೆ, ಅಲ್ಲಿ ಏನೂ ಬರೆಯಬೇಡಿ. ಬರೆದ ಮೇಲೆ ಪಕ್ಕಕ್ಕೆ ಸರಿಯಿರಿ. ಬರೆಯುವಾಗ ಬರೆಯುತ್ತಿರುವುದನ್ನೇ ಬಾಯಲ್ಲಿ ಹೇಳಿ, ಬೇರೆ ಏನನ್ನೂ ಹೇಳಬೇಡಿ.

ಪ್ರೊಜೆಕ್ಟರ್ ಬಳಸಲೇಬೇಕಾದರೆ ಲೇಟೆಕ್‌ನಲ್ಲಿ ಬೀಮರ್ (ಸ್ಲೈಡ್ ಮಾಡುವ ಪ್ಯಾಕೇಜ್) ಬಳಸಿ ಪಿಡಿಎಫ್ ಮಾಡಿ. ಐವತ್ತು ನಿಮಿಷಕ್ಕೆ ಇಪ್ಪತ್ತು ಸ್ಲೈಡ್ ಮಿತಿ. ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ, ಮೇಲ್‌ನಲ್ಲಿ ಒಂದು ಪ್ರತಿ ಇಡಿ. ಹಾಲಿನ ಪ್ರೊಜೆಕ್ಟರಿಗೆ ವಿಜಿಎ ಕೇಬಲ್ ಬೇಕೋ ಎಚ್‌ಡಿಎಂಐ ಬೇಕೋ ಎಂದು ಮುಂಚೆಯೇ ವಿಚಾರಿಸಿ. 'ಮುಂದಿನ ಸ್ಲೈಡಿಗೆ ಹೋಗೋಣ' ಎನ್ನುವ ಮುಂಚೆ ಐದು ಸೆಕೆಂಡ್ ಸುಮ್ಮನಿರಿ.

ಹಂತ 7: ಭಾಷೆ

ಇದರ ಬಗ್ಗೆ ನಮ್ಮ ವಿಭಾಗಗಳಲ್ಲಿ ಸಂಕೋಚ ಬಹಳ. ಬೋರ್ಡಿನ ಮೇಲೆ ಇಂಗ್ಲಿಷ್ ಇರಲಿ, ಪರೀಕ್ಷೆಯೂ ಪತ್ರಿಕೆಗಳೂ ಅದರಲ್ಲೇ ಇವೆ. ಆದರೆ ಬಾಯಿ ಕನ್ನಡಕ್ಕೆ ಹೊರಳುವುದರಲ್ಲಿ ಯಾವ ಕೊರತೆಯೂ ಇಲ್ಲ. ಹೊರಗಿನ ತಜ್ಞರಿಗೆ ಕನ್ನಡ ಬಾರದಿದ್ದರೆ ಪ್ರಮೇಯವನ್ನು ಇಂಗ್ಲಿಷಿನಲ್ಲಿ ಹೇಳಿ, ಉದಾಹರಣೆಯನ್ನು ಎರಡೂ ಭಾಷೆಯಲ್ಲಿ ಹೇಳಿ. ಅಂಕಿಗಳು ಬೋರ್ಡಿನ ಮೇಲೆ ಇರುವುದರಿಂದ ಅವರಿಗೆ ಅರ್ಥವಾಗುತ್ತದೆ.

ಕನ್ನಡದಲ್ಲಿ ಹೇಳುವಾಗ ಕಷ್ಟದ ಸಂಸ್ಕೃತ ಪದ ಕಟ್ಟುವ ಅಗತ್ಯವಿಲ್ಲ. ಪಾರ್ಟಿಷನ್, ಗ್ರೂಪ್, ಗ್ರಾಫ್ ಇವೆಲ್ಲ ನಮ್ಮ ಮಾತಿನಲ್ಲಿ ಬೆರೆತಿವೆ. ಶೇಷ, ವರ್ಗ, ಅವಿಭಾಜ್ಯ, ಸಹಗುಣಕ ಇವನ್ನು ಶಾಲೆಯಲ್ಲೇ ಕಲಿತಿದ್ದೇವೆ. 'ಉಳಿದದ್ದು ಎಷ್ಟು?' ಎಂದು ಕೇಳಿದ ಕ್ಷಣ ಮೂರನೇ ಬೆಂಚಿನ ಬಾಯಿ ತೆರೆಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರ ಗೊತ್ತಿದ್ದವರೂ ತಲೆ ತಗ್ಗಿಸಿ ಕೂತಿದ್ದರು.

ಹಂತ 8: ನೋಟಿಸು

ವಾರ ಮುಂಚೆ ನೋಟಿಸ್ ಬೋರ್ಡಿಗೂ ವಿಭಾಗದ ವಾಟ್ಸಾಪ್ ಗುಂಪಿಗೂ ಹೋಗಲಿ. ಶೀರ್ಷಿಕೆಯಲ್ಲಿ ಚಿಹ್ನೆಗಳು ಬೇಡ. ಸಾರಾಂಶ ಐದು ಸಾಲು, ಕೊನೆಯ ಸಾಲು ಹೀಗಿರಲಿ: 'ಮೊದಲ ಅರ್ಧ ಗಂಟೆಗೆ ಬಿ.ಎಸ್ಸಿ. ಗಣಿತ ಸಾಕು.' ಈ ಒಂದು ಸಾಲಿನಿಂದ ಬರುವವರ ಸಂಖ್ಯೆ ಹೆಚ್ಚುತ್ತದೆ. ಜೊತೆಗೆ ನಿಮಗೂ ಒಂದು ವಚನ ಕೊಟ್ಟಂತಾಗುತ್ತದೆ.

ಹಂತ 9: ತಾಲೀಮು

ಗುಬ್ಬಿ ವೀರಣ್ಣನವರ ಜಿಲ್ಲೆ ನಮ್ಮದು, ತಾಲೀಮಿಲ್ಲದೆ ರಂಗಕ್ಕೆ ಬರುವುದು ನಮ್ಮ ನೆಲದ ಪದ್ಧತಿಯಲ್ಲ. ಮೂರು ಸಲ ಮಾಡಿ. ಮೊದಲ ಸಲ ಒಬ್ಬರೇ, ಖಾಲಿ ತರಗತಿಯಲ್ಲಿ, ಗಡಿಯಾರ ಇಟ್ಟುಕೊಂಡು, ಸೀಮೆಸುಣ್ಣ ಹಿಡಿದು. ಮನಸ್ಸಿನಲ್ಲೇ ಓದಿಕೊಂಡರೆ ಅದು ತಾಲೀಮಲ್ಲ. ಬರೆಯಲು ಹಿಡಿಯುವ ಸಮಯ ತಿಳಿಯುವುದೇ ಇಲ್ಲ. ಎರಡನೇ ಸಲ ನಿಮ್ಮ ವಿಷಯ ಗೊತ್ತಿರದ ಇಬ್ಬರು ಗೆಳೆಯರ ಮುಂದೆ ಮಾಡಿ. ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಕೈ ಎತ್ತಲು ಹೇಳಿ, ನೀವು ಸಮಜಾಯಿಷಿ ಕೊಡಬೇಡಿ, ಜಾಗ ಗುರುತು ಹಾಕಿಕೊಳ್ಳಿ. ಮೂರನೇ ಸಲ ಗುರುತು ಹಾಕಿದ ಜಾಗಗಳನ್ನು ಮಾತ್ರ.

ಮೊದಲ ಎರಡು ನಿಮಿಷದ ಮಾತನ್ನು ಬಾಯಿಪಾಠ ಮಾಡಿ. ಕೈ ನಡುಗುವುದು ಆ ಎರಡು ನಿಮಿಷವೇ. ಮಿಕ್ಕದ್ದನ್ನು ಬಾಯಿಪಾಠ ಮಾಡಬೇಡಿ, ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಆ ಹಾಳೆಯ ಅಂಚಿನಲ್ಲಿ ಮೂರು ಗುರುತು: 15ನೇ ನಿಮಿಷಕ್ಕೆ ಉದಾಹರಣೆ ಮುಗಿದಿರಬೇಕು, 35ಕ್ಕೆ ಸ್ವಂತ ಪ್ರಮೇಯ ಶುರು, 45ಕ್ಕೆ ತೆರೆದ ಪ್ರಶ್ನೆ (ಇನ್ನೂ ಯಾರೂ ಬಿಡಿಸದ ಪ್ರಶ್ನೆ). ತಡವಾದರೆ ಏನನ್ನು ಬಿಡುತ್ತೀರಿ ಎಂದು ಇವತ್ತೇ ನಿರ್ಧರಿಸಿ ಆ ಭಾಗಕ್ಕೆ ಚೌಕ ಹಾಕಿಡಿ. ವೇದಿಕೆಯ ಮೇಲೆ ನಿಂತು ನಿರ್ಧರಿಸಲು ಆಗುವುದಿಲ್ಲ.

ಹಂತ 10: ಆ ದಿನ

ಅರ್ಧ ಗಂಟೆ ಮುಂಚೆ ಹೋಗಿ. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಸೀಮೆಸುಣ್ಣ, ಡಸ್ಟರ್ ನಿಮ್ಮದೇ ಇರಲಿ. ಕುಡಿಯಲು ನೀರು ಹತ್ತಿರ ಇಟ್ಟುಕೊಳ್ಳಿ. ಬೆಂಗಳೂರಿನಿಂದ ರೈಲಿನಲ್ಲಿ ಅತಿಥಿ ಬರುತ್ತಿದ್ದರೆ ಅವರಿಗಾಗಿ ಕಾಯುತ್ತಾ ಮಕ್ಕಳ ಸಮಯ ಕಳೆಯುವುದು ಬೇಡ. ವಿಭಾಗದ ಮುಖ್ಯಸ್ಥರಿಗೆ ಮೊದಲೇ ವಿನಂತಿಸಿ ಸ್ವಾಗತ, ಪರಿಚಯ, ಹೂಗುಚ್ಛ ಎಲ್ಲವನ್ನೂ ಐದು ನಿಮಿಷಕ್ಕೆ ಇಳಿಸಿ. ನಾಲ್ಕು ಗಂಟೆಯ ನಂತರ ಬಸ್ಸಿನ ಚಿಂತೆ ಹತ್ತಿದವರ ಕಿವಿಗೆ ಯಾವ ಪ್ರಮೇಯವೂ ಬೀಳುವುದಿಲ್ಲ.

ಮಾತಿನ ನಡುವೆ ಮೂರನೇ ಬೆಂಚಿನ ಒಂದು ಮುಖ ಆರಿಸಿಕೊಂಡು ಆಗಾಗ ಅಲ್ಲಿ ನೋಡಿ. ಪೆನ್ನು ನಿಂತಿದ್ದರೆ ಬೋರ್ಡಿನ ನಡುಭಾಗಕ್ಕೆ ವಾಪಸ್ ಹೋಗಿ ನಾಲ್ಕರ ಉದಾಹರಣೆಯಲ್ಲಿ ಅದೇ ಮಾತನ್ನು ಇನ್ನೊಮ್ಮೆ ಹೇಳಿ. ತಪ್ಪು ಬರೆದದ್ದನ್ನು ಯಾರಾದರೂ ತೋರಿಸಿದರೆ 'ಹೌದು, ಥ್ಯಾಂಕ್ಸ್' ಎಂದು ಹೇಳಿ ತಿದ್ದಿ ಮುಂದೆ ಹೋಗಿ.

ಹಂತ 11: ಪ್ರಶ್ನೆಗಳು

ಹತ್ತು ನಿಮಿಷ ಇದಕ್ಕೆ ಉಳಿಸಿಕೊಂಡಿರಲೇಬೇಕು. ಪ್ರಶ್ನೆ ಕೇಳಿದ ಕೂಡಲೇ ಅದನ್ನು ಇಡೀ ಸಭೆಗೆ ಕೇಳುವಂತೆ ಮತ್ತೆ ಹೇಳಿ. ಹಿಂದಿನವರಿಗೂ ಕೇಳಿಸುತ್ತದೆ, ನಿಮಗೆ ಯೋಚಿಸಲು ಸಮಯವೂ ಸಿಗುತ್ತದೆ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. 'ಹನ್ನೊಂದಕ್ಕೆ ನಾನು ಲೆಕ್ಕ ಮಾಡಿ ನೋಡಿದ್ದೇನೆ ಸರ್, ಹದಿಮೂರಕ್ಕೆ ಇನ್ನೂ ನೋಡಿಲ್ಲ' ಎಂದರೆ ಎಲ್ಲಿಯವರೆಗೆ ಬಂದಿದ್ದೀರಿ ಎಂದು ತಿಳಿಯುತ್ತದೆ. ಹಿರಿಯರೊಬ್ಬರು ಪ್ರಶ್ನೆಯ ನೆಪದಲ್ಲಿ ದೀರ್ಘ ವಾದಕ್ಕೆ ಇಳಿದರೆ ಮರ್ಯಾದೆಯಿಂದಲೇ 'ಮುಗಿದ ಮೇಲೆ ನಿಮ್ಮ ರೂಮಿಗೆ ಬರ್ತೀನಿ ಸರ್, ಕೂತು ಮಾತಾಡೋಣ' ಎಂದು ಹೇಳಿ ಇನ್ನೊಂದು ಕೈಯ ಕಡೆ ತಿರುಗಿ. ಹೇಳಿದ ಮೇಲೆ ಖಂಡಿತ ಹೋಗಿ.

'ಇದರಿಂದ ಏನು ಉಪಯೋಗ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಗೊತ್ತಿಲ್ಲದ ಗುಪ್ತಲಿಪಿಯ ಹೆಸರು ಹೇಳಿ ಜಾರಿಕೊಳ್ಳಬೇಡಿ. ನಾನು ಹೇಳುವುದು ಹೀಗೆ: ಈ ಪ್ರಮೇಯಕ್ಕೆ ನೇರ ಉಪಯೋಗ ಇವತ್ತು ನನ್ನ ಬಳಿ ಇಲ್ಲ. ಅನಂತ ಸಂಖ್ಯೆಗಳ ಬಗ್ಗೆ ಒಂದು ಮಾತನ್ನು, ಒಂದನ್ನೂ ಬಿಡದೆ ಪರೀಕ್ಷಿಸಲಾಗದಿದ್ದರೂ, ಖಚಿತವಾಗಿ ಹೇಳುವುದು ಮನುಷ್ಯನಿಗೆ ಸಾಧ್ಯ ಎಂಬುದನ್ನು ಇದು ತೋರಿಸುತ್ತದೆ. ಅದಕ್ಕಾಗಿ ನಾನು ಇದನ್ನು ಮಾಡುತ್ತೇನೆ.

ಹುಡುಗಿಯರು, ಹಳ್ಳಿಯಿಂದ ಹೊಸದಾಗಿ ಬಂದವರು ಎದ್ದು ನಿಂತು ಕೇಳುವುದು ಕಡಿಮೆ. ಶುರುವಿನಲ್ಲೇ ಚೀಟಿಗಳನ್ನು ಹಂಚಿ, ಹೆಸರು ಬೇಡ, ಪ್ರಶ್ನೆ ಬರೆದು ಕೊಡಿ ಎಂದು ಹೇಳಿ. ಯಾವ ಭಾಷೆಯಾದರೂ ಆಗಲಿ. ನನಗೆ ಬಂದ ಅತ್ಯುತ್ತಮ ಪ್ರಶ್ನೆಗಳು ಚೀಟಿಯಲ್ಲೇ ಬಂದವು. 'ಎರಡರಿಂದ ಭಾಗವಾಗುವುದಕ್ಕೆ ಯಾಕೆ ಇಂಥ ನಿಯಮ ಇಲ್ಲ?' ಎಂದು ಒಂದು ಚೀಟಿಯಲ್ಲಿತ್ತು. ಪಿ(ಎನ್) ಸಮ ಬರುವುದೂ ಬೆಸ ಬರುವುದೂ ಅರ್ಧರ್ಧ ಎಂದು ಗಣಿತಜ್ಞರು ನಂಬುತ್ತಾರೆ, ಆದರೆ ಇವತ್ತಿನವರೆಗೂ ಯಾರೂ ಸಾಧಿಸಿಲ್ಲ. ಬಿಳಿ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದ ಪ್ರಶ್ನೆ ಸಂಶೋಧನೆಯ ಅಂಚಿಗೇ ಬಂದು ನಿಂತಿತ್ತು.

ಹಂತ 12: ಮುಗಿದ ಮೇಲೆ

ಬೋರ್ಡ್ ಒರೆಸುವ ಮುನ್ನ ಫೋಟೋ ತೆಗೆದು ಗುಂಪಿಗೆ ಹಾಕಿ. ಚೀಟಿಗಳನ್ನೂ ಕೇಳಿದ ಪ್ರಶ್ನೆಗಳನ್ನೂ ಅದೇ ಸಂಜೆ ಒಂದು ನೋಟ್‌ಬುಕ್ಕಿಗೆ ಇಳಿಸಿ, ರಾತ್ರಿ ಕಳೆದರೆ ಅರ್ಧ ಮರೆತಿರುತ್ತೀರಿ. ಉತ್ತರ ಕೊಡಲಾಗದ ಪ್ರಶ್ನೆಗೆ ವಾರದೊಳಗೆ ಉತ್ತರ ಹುಡುಕಿ, ಸಿಕ್ಕಷ್ಟನ್ನು ಕೇಳಿದವರಿಗೆ ತಲುಪಿಸಿ.

ಜೊತೆಗೆ ಒಂದು ಮನೆಗೆಲಸ ಕೊಡಿ. ನಾನು ಕೊಡುವುದು ಒಂಬತ್ತರ ಮೂವತ್ತು ಪಾರ್ಟಿಷನ್‌ಗಳು: ಎಲ್ಲವನ್ನೂ ಬರೆದು, ರ‍್ಯಾಂಕ್ ಹಾಕಿ, ಶೇಷದ ಪ್ರಕಾರ ಐದು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಆರು ಬರುತ್ತದೆಯೇ ನೋಡಿ. ಮುಂದಿನ ಸೋಮವಾರ ಇಬ್ಬರೋ ಮೂವರೋ ಹಾಳೆ ಹಿಡಿದುಕೊಂಡು ಬರುತ್ತಾರೆ. ಅವರಲ್ಲಿ ಒಬ್ಬರಿಗೆ ಒಂದು ಗುಂಪಿನಲ್ಲಿ ಐದು, ಇನ್ನೊಂದರಲ್ಲಿ ಏಳು ಬಂದಿರುತ್ತದೆ. ಕುರ್ಚಿ ಎಳೆದು ಅವರನ್ನು ಕೂರಿಸಿಕೊಂಡು, ಎಲ್ಲಿ ತಪ್ಪಿದೆ ಎಂದು ಇಬ್ಬರೂ ಸೇರಿ ಹುಡುಕಿ.